ಒಲ್ಲದ ಮತದಾರ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಅತೃಪ್ತಿಯ ಚರಿತ್ರೆ ಮತ್ತು ಜಾನಪದ

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸೇರಿದ್ದ ಸಂವಿಧಾನ ಸಮಾವೇಶದಲ್ಲಿ ವರ್ಜೀನಿಯಾದ ಪ್ರತಿನಿಧಿ ಜಾರ್ಜ್ ಮೇಸನ್ ಒಂದು ಉಪಮೆಯನ್ನು ಬಳಸಿದನು. ದೇಶದ ಮುಖ್ಯಾಧಿಕಾರಿಯನ್ನು ಆರಿಸುವ ಕೆಲಸವನ್ನು ಜನರಿಗೆ ಒಪ್ಪಿಸುವುದೆಂದರೆ ಬಣ್ಣಗಳ ಪರೀಕ್ಷೆಯನ್ನು ಕುರುಡನಿಗೆ ಒಪ್ಪಿಸಿದಷ್ಟೇ ಅಸಹಜ ಎಂಬುದು ಅವನ ಮಾತಿನ ತಾತ್ಪರ್ಯ. ದೇಶ ವಿಶಾಲವಾಗಿದೆ, ದೂರದ ಅಭ್ಯರ್ಥಿಯ ಯೋಗ್ಯತೆಯನ್ನು ಹಳ್ಳಿಯ ರೈತ ಹೇಗೆ ಅರಿತಾನು ಎಂಬುದು ಅವನು ಕೊಟ್ಟ ಕಾರಣ. ಅದೇ ಸಮಾವೇಶದಲ್ಲಿ ಜೇಮ್ಸ್ ವಿಲ್ಸನ್ ಜನರ ನೇರ ಆಯ್ಕೆಯನ್ನು ಸಮರ್ಥಿಸಿದ್ದನು. ಆದರೆ ನೇರ ಆಯ್ಕೆಗೆ ಎದುರಾದ ಅಡ್ಡಿ ಕೇವಲ ದೂರದ್ದಾಗಿರಲಿಲ್ಲ. ದಕ್ಷಿಣದ ರಾಜ್ಯಗಳ ಜನಸಂಖ್ಯೆಯಲ್ಲಿ ದೊಡ್ಡ ಪಾಲು ಮತವಿಲ್ಲದ ಗುಲಾಮರದು. ನೇರ ಮತದಾನವಾದರೆ ದಕ್ಷಿಣಕ್ಕೆ ಬಲವಿರುವುದಿಲ್ಲ ಎಂಬುದನ್ನು ಜೇಮ್ಸ್ ಮ್ಯಾಡಿಸನ್ ಸಭೆಯಲ್ಲಿಯೇ ಬಾಯಿಬಿಟ್ಟು ಹೇಳಿದನು. ಐವರು ಗುಲಾಮರನ್ನು ಮೂವರೆಂದು ಎಣಿಸುವ ಸೂತ್ರವು ಪ್ರತಿನಿಧಿ ಸಭೆಯ ಸ್ಥಾನ ಹಂಚಿಕೆಗೆ ಆಗಲೇ ಒಪ್ಪಿತವಾಗಿತ್ತು. ಅಧ್ಯಕ್ಷನ ಆಯ್ಕೆಗೂ ಅದೇ ಲೆಕ್ಕ ಹೊಂದುವಂತೆ ಚುನಾಯಕರ ವ್ಯವಸ್ಥೆಯನ್ನು ರೂಪಿಸಲಾಯಿತು.

ಇಂದು 'ಎಲೆಕ್ಟೋರಲ್ ಕಾಲೇಜ್' ಎಂದು ಪ್ರಸಿದ್ಧವಾಗಿರುವ ಈ ಚುನಾಯಕ ಮಂಡಲಿಯ ಹೆಸರು 1787ರ ಆ ಮೂಲ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದು ಒಂದೆಡೆ ಸೇರುವ ಮಂಡಲಿಯೂ ಅಲ್ಲ. ಚುನಾಯಕರು ತಮ್ಮ ತಮ್ಮ ರಾಜ್ಯದಲ್ಲಿ ಕೂಡಿ ಮತ ನೀಡಿ ಚದುರುತ್ತಾರೆ. ಸೆನೆಟ್ ಮತ್ತು ಪ್ರತಿನಿಧಿ ಸಭೆಗಳಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನಗಳಿವೆಯೋ ಅಷ್ಟು ಚುನಾಯಕರು. ರಾಜಧಾನಿ ವಾಷಿಂಗ್ಟನ್‌ನ ಮೂವರೂ ಸೇರಿ ಒಟ್ಟು 538, ಗೆಲುವಿಗೆ 270. ಮೇನ್ ಮತ್ತು ನೆಬ್ರಾಸ್ಕ ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ ಒಂದು ಮತದ ಮುನ್ನಡೆಯಿದ್ದರೂ ರಾಜ್ಯದ ಎಲ್ಲ ಚುನಾಯಕರೂ ಒಬ್ಬನ ಪಾಲು. 2020ರ ಜನಗಣತಿಯಂತೆ ಸುಮಾರು 5.77 ಲಕ್ಷ ಜನರಿರುವ ವಯೋಮಿಂಗ್‌ಗೆ 3 ಚುನಾಯಕರು, 3.95 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೆ 54. ಅಂದರೆ ತಲಾ ಲೆಕ್ಕದಲ್ಲಿ ವಯೋಮಿಂಗ್ ನಿವಾಸಿಯ ತೂಕ ಕ್ಯಾಲಿಫೋರ್ನಿಯಾದವನ ತೂಕದ ಸರಿಸುಮಾರು ನಾಲ್ಕು ಪಟ್ಟು.

ಈ ಯಂತ್ರದ ಬಗ್ಗೆ ರಾಜ್ಯಶಾಸ್ತ್ರಜ್ಞರು ಸಾಕಷ್ಟು ಬರೆದಿದ್ದಾರೆ. ಪ್ರಸ್ತುತ ಲೇಖನದ ಆಸಕ್ತಿ ಬೇರೆ. ಮುಂದಿಟ್ಟ ಅಭ್ಯರ್ಥಿಗಳಲ್ಲಿ ಯಾರೂ ಒಪ್ಪಿತರಲ್ಲದಾಗ ಮತದಾರನು ಏನು ಮಾಡಿದನು? ಅವನ ಅಸಮಾಧಾನಕ್ಕೆ ಎಣಿಕೆಯಲ್ಲಿ ಜಾಗವಿಲ್ಲದಾಗ ಅದು ಅಡ್ಡಹೆಸರು, ವದಂತಿ, ಅಣಕ, ಮೆರವಣಿಗೆಗಳ ರೂಪ ತಾಳಿದ್ದು ಹೇಗೆ? ಕುರುಡನೆಂದು ಕರೆಸಿಕೊಂಡವನು ಬಣ್ಣಗಳನ್ನು ಕುರಿತು ಏನೆಂದುಕೊಂಡನು ಎಂಬುದೂ ಚರಿತ್ರೆಯ ಭಾಗವೇ.

ಅಡ್ಡಹೆಸರುಗಳ ಶತಮಾನ

1824ರ ಚುನಾವಣೆಯಲ್ಲಿ ನಾಲ್ವರು ಸ್ಪರ್ಧಿಗಳು. 261 ಚುನಾಯಕ ಮತಗಳಲ್ಲಿ ಆಂಡ್ರೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ವಿಲಿಯಂ ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ಬಹುಮತಕ್ಕೆ ಬೇಕಿದ್ದ 131 ಯಾರಿಗೂ ಬಾರದೆ ಆಯ್ಕೆ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದೇ ಮತ. ಮೊದಲ ಮೂವರಷ್ಟೇ ಕಣದಲ್ಲಿ ಉಳಿಯಬೇಕೆಂಬ ನಿಯಮದಿಂದ ಹೊರಬಿದ್ದ ಕ್ಲೇ ಆ ಸಭೆಯ ಅಧ್ಯಕ್ಷನಾಗಿದ್ದನು; ತನ್ನ ಬೆಂಬಲವನ್ನು ಆಡಮ್ಸ್‌ಗೆ ನೀಡಿದನು. 1825ರ ಫೆಬ್ರವರಿ 9ರಂದು 13 ರಾಜ್ಯಗಳ ಮತದಿಂದ ಆಡಮ್ಸ್ ಗೆದ್ದನು. ಕೆಲವೇ ದಿನಗಳಲ್ಲಿ ಕ್ಲೇ ವಿದೇಶಾಂಗ ಕಾರ್ಯದರ್ಶಿಯಾದನು. ಜಾಕ್ಸನ್ ಪಕ್ಷದವರು ಇದಕ್ಕೆ 'ಭ್ರಷ್ಟ ಚೌಕಾಸಿ' ಎಂದು ಹೆಸರಿಟ್ಟರು. ಒಪ್ಪಂದ ನಿಜವಾಗಿ ನಡೆದಿತ್ತೆ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ಆದರೆ ಆ ಎರಡು ಪದಗಳು ಆಡಮ್ಸ್‌ನ ಆಡಳಿತವನ್ನು ನಾಲ್ಕು ವರ್ಷವೂ ಬಿಡಲಿಲ್ಲ. ದಾಖಲೆಗಿಂತ ನುಡಿಗಟ್ಟು ಬಲವಾಗುವ ಇಂಥ ಪ್ರಸಂಗಗಳು ಜಾನಪದ ಅಧ್ಯಯನಕಾರರಿಗೆ ಹೊಸವಲ್ಲ. 1828ರಲ್ಲಿ ಗೆದ್ದ ಜಾಕ್ಸನ್ 1829ರ ತನ್ನ ಮೊದಲ ವಾರ್ಷಿಕ ಸಂದೇಶದಲ್ಲಿಯೇ ಚುನಾಯಕರ ಮಧ್ಯಸ್ಥಿಕೆಯನ್ನು ತೆಗೆದುಹಾಕಬೇಕೆಂದು ಕೋರಿದನು. ಅದು ಈಡೇರಲಿಲ್ಲ. ಎದುರಾಳಿಗಳು ಅವನನ್ನು ಕತ್ತೆಯೆಂದು ಜರೆದರು. ಆ ಕತ್ತೆ 1870ರ ದಶಕದಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್‌ನ ಲೇಖನಿಯಿಂದ ಡೆಮಾಕ್ರಟಿಕ್ ಪಕ್ಷದ ಗುರುತಾಗಿ ನೆಲೆನಿಂತಿತು. ಬೈಗುಳವನ್ನೇ ಬಿರುದಾಗಿ ಧರಿಸುವ ಈ ಬಗೆಯನ್ನು ನಮ್ಮಲ್ಲಿಯೂ ಕಾಣದವರಿಲ್ಲ.

1840ರ ಪ್ರಚಾರವನ್ನು ಸ್ವಲ್ಪ ನಿಂತು ನೋಡಬೇಕು. 1837ರ ಆರ್ಥಿಕ ಕುಸಿತದಿಂದ ಜನ ರೋಸಿಹೋಗಿದ್ದರು. ಅಧಿಕಾರದಲ್ಲಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್‌ನ ಹೆಸರಿನ ಕೊನೆಯನ್ನು ತಿರುಚಿ 'ವ್ಯಾನ್ ರೂಇನ್', ಅಂದರೆ ಹಾಳುಗೆಡಹುವವ, ಎಂದು ಕರೆಯುತ್ತಿದ್ದರು. ವಿಗ್ ಪಕ್ಷ ವೃದ್ಧ ಸೇನಾನಿ ವಿಲಿಯಂ ಹೆನ್ರಿ ಹ್ಯಾರಿಸನ್‌ನನ್ನು ನಿಲ್ಲಿಸಿತು. ಒಂದು ಪೀಪಾಯಿ ಸೇಬಿನ ಮದ್ಯ ಕೊಟ್ಟರೆ ಈ ಮುದುಕ ತನ್ನ ಮರದ ದಿಮ್ಮಿಯ ಗುಡಿಸಲಲ್ಲಿ ತೆಪ್ಪಗಿರುತ್ತಾನೆ ಎಂದು ವಿರೋಧಿ ಪತ್ರಿಕೆಯೊಂದು ಗೇಲಿಮಾಡಿತು. ವಿಗ್ ಪಕ್ಷದವರು ಆ ಗೇಲಿಯನ್ನೇ ಎತ್ತಿಕೊಂಡರು. ಊರೂರಿನಲ್ಲಿ ದಿಮ್ಮಿಯ ಗುಡಿಸಲುಗಳು ಎದ್ದವು, ಪೀಪಾಯಿಗಳು ಹೊರಟವು, ಆಳೆತ್ತರಕ್ಕೂ ಮೀರಿದ ಚೆಂಡುಗಳನ್ನು ಘೋಷಣೆ ಬರೆದು ಊರಿಂದೂರಿಗೆ ಉರುಳಿಸಿಕೊಂಡು ಹೋದರು. ಮತದ ಹಕ್ಕಿಲ್ಲದ ಹೆಂಗಸರೂ ಮೆರವಣಿಗೆಗೆ ಬಂದರು. ವಾಸ್ತವದಲ್ಲಿ ಹ್ಯಾರಿಸನ್ ಹುಟ್ಟಿದ್ದು ಗುಡಿಸಲಲ್ಲಲ್ಲ; ವರ್ಜೀನಿಯಾದ ಬರ್ಕ್ಲಿ ಎಂಬ ತೋಟದ ಬಂಗಲೆಯಲ್ಲಿ, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನೊಬ್ಬನ ಮಗನಾಗಿ. ಅರ್ಹ ಮತದಾರರಲ್ಲಿ ಸುಮಾರು ಶೇ. 80ರಷ್ಟು ಜನ ಮತ ನೀಡಿದರು. ಹ್ಯಾರಿಸನ್ 234–60ರಿಂದ ಗೆದ್ದು, ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಲ್ಲಿ ತೀರಿಕೊಂಡನು. ವ್ಯಾನ್ ಬ್ಯೂರನ್‌ನ ಹುಟ್ಟೂರು ಕಿಂಡರ್‌ಹುಕ್‌ನ ನೆಪದಲ್ಲಿ ಅವನ ಬೆಂಬಲಿಗರು ಹಬ್ಬಿಸಿದ 'ಓಕೆ' ಎಂಬ ಎರಡಕ್ಷರ ಮಾತ್ರ ಇಂದು ಕನ್ನಡದ ಹಳ್ಳಿಗಳಲ್ಲೂ ಕೇಳಿಬರುತ್ತಿದೆ. ಅದು ಹುಟ್ಟಿದ್ದು 1839ರ ಬಾಸ್ಟನ್ ಪತ್ರಿಕೆಯೊಂದರ ಕಾಗುಣಿತದ ತಮಾಷೆಯಿಂದ. ಹರಡಿದ್ದು ಸೋತವನ ಪ್ರಚಾರದಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಗುಡಿಸಲು, ಪೀಪಾಯಿ, ಚೆಂಡುಗಳು ನೋಟಕ್ಕೆ ಜನಪದವೆನಿಸಿದರೂ ಅವನ್ನು ಕಟ್ಟಿದವರು ಪಕ್ಷದ ಸಂಘಟಕರು. ಜನರ ಅತೃಪ್ತಿ ನಿಜ, ಅದಕ್ಕೆ ತೊಡಿಸಿದ ವೇಷ ಬಾಡಿಗೆಯದು.

ಚೀಟಿಯ ಮೇಲಿನ ಗೀಟು

ಮತದಾರನ ಸ್ವಂತ ಕೈಚಳಕ ಕಾಣುವುದು ಮತಚೀಟಿಯಲ್ಲಿ. 1880ರ ದಶಕದ ಕೊನೆಯವರೆಗೆ ಅಮೆರಿಕದಲ್ಲಿ ಸರ್ಕಾರ ಮತಚೀಟಿ ಅಚ್ಚುಹಾಕುತ್ತಿರಲಿಲ್ಲ. ಪಕ್ಷಗಳೇ ತಮ್ಮ ತಮ್ಮ ಹುರಿಯಾಳುಗಳ ಪಟ್ಟಿಯನ್ನು ಬಣ್ಣದ ಕಾಗದದಲ್ಲಿ ಅಚ್ಚುಮಾಡಿ ಹಂಚುತ್ತಿದ್ದವು. ಮತದಾರ ಅದನ್ನು ಎಲ್ಲರ ಕಣ್ಣೆದುರು ಪೆಟ್ಟಿಗೆಗೆ ಹಾಕಬೇಕಿತ್ತು. ಪಟ್ಟಿಯಲ್ಲಿನ ಒಬ್ಬನನ್ನು ಒಲ್ಲೆನೆಂದರೆ ಸೀಸದಕಡ್ಡಿಯಿಂದ ಆ ಹೆಸರಿನ ಮೇಲೆ ಗೀಟೆಳೆಯಬಹುದಾಗಿತ್ತು, ಅಥವಾ ಅಂಟು ಸವರಿದ ಸಣ್ಣ ಚೀಟಿಯಲ್ಲಿ ಬೇರೆ ಹೆಸರನ್ನು ಅದರ ಮೇಲೆ ಅಂಟಿಸಬಹುದಾಗಿತ್ತು. ಪಕ್ಷದ ಮುಖಂಡರಿಗೆ ಈ ಗೀಟಿನ ಭಯ ಎಷ್ಟಿತ್ತೆಂದರೆ 1871ರಲ್ಲಿ ಕ್ಯಾಲಿಫೋರ್ನಿಯಾದ ವಲೇಹೊ ಪಟ್ಟಣದಲ್ಲಿ ಹೆಸರುಗಳ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲದಂತೆ ಅತಿ ಸಣ್ಣ ಅಕ್ಷರಗಳ, ಪಟ್ಟಿಯಂಥ ಕಿರಿದಾದ ಚೀಟಿಯನ್ನು ಅಚ್ಚುಹಾಕಿಸಲಾಯಿತು. ಜನ ಅದನ್ನು 'ಲಾಡಿಹುಳು' ಎಂದು ಕರೆದರು.

ಆಸ್ಟ್ರೇಲಿಯಾ ಮಾದರಿಯ ಗುಪ್ತ ಮತಚೀಟಿ 1888ರಿಂದ ಮ್ಯಾಸಚೂಸೆಟ್ಸ್ ಮೊದಲಾದೆಡೆ ಬಂದು ಕೆಲವೇ ವರ್ಷಗಳಲ್ಲಿ ಬಹುಪಾಲು ರಾಜ್ಯಗಳಿಗೆ ಹರಡಿತು. ಕಣ್ಗಾವಲು ತಪ್ಪಿದ್ದು ಲಾಭ. ಆದರೆ ಚೀಟಿ ಸರ್ಕಾರದ್ದಾದಮೇಲೆ ಅದರಲ್ಲಿ ಯಾರ ಹೆಸರಿರಬೇಕೆಂಬುದನ್ನೂ ಕಾನೂನು ನಿರ್ಧರಿಸತೊಡಗಿತು; ಹೊಸ ಪಕ್ಷಗಳು ಸಾವಿರಾರು ಸಹಿ ಸಂಗ್ರಹಿಸಬೇಕಾಯಿತು. ಹೆಸರನ್ನು ಕೈಯಾರೆ ಬರೆಯುವ ಖಾಲಿ ಜಾಗ ಹಲವೆಡೆ ಉಳಿಯಿತಾದರೂ, ಮುಂಚಿತವಾಗಿ ನೋಂದಾಯಿಸದ ಹೆಸರನ್ನು ಅನೇಕ ರಾಜ್ಯಗಳು ಎಣಿಸುವುದೇ ಇಲ್ಲ.

ಗೀಟೆಳೆಯುವ ಮನೋಧರ್ಮಕ್ಕೆ 1884ರಲ್ಲಿ ಒಂದು ಹೆಸರು ದೊರೆಯಿತು. ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಬ್ಲೇನ್ ಕಳಂಕಿತನೆಂದು ಬಗೆದ ಅದೇ ಪಕ್ಷದ ಒಂದು ಗುಂಪು ಡೆಮಾಕ್ರಟಿಕ್ ಪಕ್ಷದ ಗ್ರೋವರ್ ಕ್ಲೀವ್‌ಲ್ಯಾಂಡ್‌ನನ್ನು ಬೆಂಬಲಿಸಿತು. ಅವರನ್ನು 'ಮಗ್‌ವಂಪ್' ಎಂದು ಹಂಗಿಸಿದರು. ಇದು ಮ್ಯಾಸಚೂಸೆಟ್ಸ್ ಪ್ರದೇಶದ ಮೂಲನಿವಾಸಿಗಳ ಭಾಷೆಯಲ್ಲಿ ಯುದ್ಧನಾಯಕ ಎಂಬರ್ಥದ ಪದ. ದೊಡ್ಡಸ್ತಿಕೆ ಮೆರೆಯುವವರು ಎಂಬ ಕುಟುಕು ಅದರಲ್ಲಿತ್ತು. ಕಾಲಾಂತರದಲ್ಲಿ ಮೂಲಾರ್ಥ ಮರೆತು ಜನಪದ ನಿರುಕ್ತಿಯೊಂದು ಹುಟ್ಟಿತು: ಬೇಲಿಯ ಮೇಲೆ ಕುಳಿತು ಮೋರೆಯನ್ನು ಒಂದು ಕಡೆಗೂ ಹಿಂಭಾಗವನ್ನು ಇನ್ನೊಂದು ಕಡೆಗೂ ಇಟ್ಟ ಹಕ್ಕಿಯೇ ಮಗ್‌ವಂಪ್ ಎಂದು. ನ್ಯೂಯಾರ್ಕ್ ರಾಜ್ಯವನ್ನು, ಅದರಿಂದಾಗಿ ಅಧ್ಯಕ್ಷ ಪದವಿಯನ್ನು ಕ್ಲೀವ್‌ಲ್ಯಾಂಡ್ ಗೆದ್ದದ್ದು ಸಾವಿರಕ್ಕೆ ತುಸು ಮೇಲ್ಪಟ್ಟ ಮತಗಳ ಅಂತರದಿಂದ. ಹಕ್ಕಿಯನ್ನು ನಕ್ಕವರು ಸೋತಿದ್ದರು. ನಾಲ್ಕು ವರ್ಷಗಳ ನಂತರ ದೇಶದಾದ್ಯಂತ ಸುಮಾರು 90,000 ಮತ ಹೆಚ್ಚು ಪಡೆದೂ ಅದೇ ಕ್ಲೀವ್‌ಲ್ಯಾಂಡ್ ಚುನಾಯಕ ಮಂಡಲಿಯಲ್ಲಿ 168–233ರಿಂದ ಸೋತನು.

ಗೀಟೆಳೆಯಲೂ ಬಿಡದವರು

ಅತೃಪ್ತಿಯ ಈ ಸ್ವಾರಸ್ಯಗಳನ್ನು ಹೇಳುವಾಗ ಅತೃಪ್ತಿಯನ್ನು ಸೂಚಿಸುವ ಹಕ್ಕೂ ಇಲ್ಲದವರನ್ನು ಮರೆಯುವಂತಿಲ್ಲ. 1876ರಲ್ಲಿ ಸ್ಯಾಮ್ಯುಯೆಲ್ ಟಿಲ್ಡನ್ ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಮತಗಳ ಮುನ್ನಡೆ ಪಡೆದು 184 ಚುನಾಯಕರನ್ನು ಗಳಿಸಿದನು. ಗೆಲುವಿಗೆ ಒಂದೇ ಕಡಿಮೆ. ಫ್ಲಾರಿಡಾ, ಲೂಸಿಯಾನಾ, ದಕ್ಷಿಣ ಕೆರೊಲಿನಾಗಳ ಎಣಿಕೆಯೂ ಆರಿಗಾನ್‌ನ ಒಂದು ಸ್ಥಾನವೂ ಸೇರಿ 20 ಮತಗಳು ವಿವಾದಕ್ಕೊಳಗಾದವು. ದಕ್ಷಿಣದಲ್ಲಿ ಕಪ್ಪು ಮತದಾರರನ್ನು ಹಿಂಸೆಯಿಂದ ಮತಗಟ್ಟೆಗೆ ಬಾರದಂತೆ ತಡೆಯಲಾಗಿತ್ತು. ಎಣಿಕೆಯಲ್ಲಿ ಎರಡೂ ಪಕ್ಷಗಳು ಕೈಚಳಕ ತೋರಿದ್ದವು. 15 ಮಂದಿಯ ಆಯೋಗ 8–7ರಂತೆ ಎಲ್ಲ 20ನ್ನೂ ರುದರ್‌ಫರ್ಡ್ ಹೇಯ್ಸ್‌ಗೆ ನೀಡಿತು. 185–184. ಉತ್ತರದ ಅತೃಪ್ತರು ಹೇಯ್ಸ್‌ನ ಹೆಸರನ್ನು 'ರುದರ್‌ಫ್ರಾಡ್' ಎಂದು ತಿದ್ದಿ ನಕ್ಕರು. ದಕ್ಷಿಣದ ಕಪ್ಪು ಜನರಿಗೆ ನಗಲು ಏನೂ ಉಳಿಯಲಿಲ್ಲ. 1877ರಲ್ಲಿ ಅವರ ರಕ್ಷಣೆಗಿದ್ದ ಒಕ್ಕೂಟದ ಸೈನ್ಯ ಅಲ್ಲಿನ ರಾಜಭವನಗಳ ಕಾವಲಿನಿಂದ ಹಿಂದೆ ಸರಿಯಿತು.

ಅನಂತರ ನಡೆದುದಕ್ಕೆ ದಕ್ಷಿಣ ಕೆರೊಲಿನಾದ 1882ರ ಕಾನೂನು ಒಂದು ನಿದರ್ಶನ. ಪ್ರತಿ ಹುದ್ದೆಗೂ ಪ್ರತ್ಯೇಕ ಪೆಟ್ಟಿಗೆ, ಒಟ್ಟು ಎಂಟು. ತಪ್ಪು ಪೆಟ್ಟಿಗೆಗೆ ಹಾಕಿದ ಚೀಟಿ ಅಸಿಂಧು. ಓದು ಬಾರದವನಿಗೆ, ಅಂದರೆ ಓದುವುದೇ ಅಪರಾಧವಾಗಿದ್ದ ಗುಲಾಮಗಿರಿಯಿಂದ ಹದಿನೇಳು ವರ್ಷಗಳ ಹಿಂದಷ್ಟೇ ಹೊರಬಂದವನಿಗೆ, ಪೆಟ್ಟಿಗೆಯೇ ಗೋಡೆಯಾಯಿತು. 1890ರ ಮಿಸಿಸಿಪಿ ಸಂವಿಧಾನದ ನಂತರ ತಲೆಗಂದಾಯ, ಅಕ್ಷರ ಪರೀಕ್ಷೆಗಳು ಸಾಲಾಗಿ ಬಂದವು. ಇದರಲ್ಲಿ ಚುನಾಯಕ ಮಂಡಲಿಯ ಪಾತ್ರವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಮನುಷ್ಯ ಲೆಕ್ಕದಲ್ಲಿ ಐದರಲ್ಲಿ ಮೂರು ಪಾಲಾಗಿದ್ದನು. ಬಿಡುಗಡೆಯ ನಂತರ ಪೂರ್ಣ ಒಬ್ಬನಾದನು; ದಕ್ಷಿಣದ ರಾಜ್ಯಗಳ ಚುನಾಯಕರ ಸಂಖ್ಯೆ ಅದರಿಂದ ಹೆಚ್ಚಿತು. ಆದರೆ ಅವನಿಗೆ ಮತವಿರಲಿಲ್ಲ. ಯಾರನ್ನು ಹೊರಗಟ್ಟಲಾಯಿತೋ ಅವರ ತಲೆಯೆಣಿಕೆಯಿಂದಲೇ ಹೊರಗಟ್ಟಿದವರ ಬಲ ಬೆಳೆಯಿತು. ನೇರ ಮತದಾನವಿದ್ದಿದ್ದರೆ ಮತ ಕಿತ್ತುಕೊಂಡ ರಾಜ್ಯದ ತೂಕವೂ ತಗ್ಗುತ್ತಿತ್ತು. 1965ರ ಮತದಾನ ಹಕ್ಕುಗಳ ಕಾಯ್ದೆಯವರೆಗೆ ಈ ಲೆಕ್ಕಾಚಾರ ನಡೆಯಿತು. ಬದಲಾವಣೆಗೆ ಅತಿ ಸಮೀಪ ಬಂದದ್ದು ಅದರ ಬೆನ್ನಿಗೇ ಎಂಬುದು ಆಕಸ್ಮಿಕವಲ್ಲ. 1969ರ ಸೆಪ್ಟೆಂಬರ್‌ನಲ್ಲಿ ನೇರ ಚುನಾವಣೆಯ ತಿದ್ದುಪಡಿಯನ್ನು ಪ್ರತಿನಿಧಿ ಸಭೆ 338–70ರಿಂದ ಅಂಗೀಕರಿಸಿತು. 1970ರಲ್ಲಿ ಸೆನೆಟ್‌ನಲ್ಲಿ, ಮುಖ್ಯವಾಗಿ ದಕ್ಷಿಣದ ಸದಸ್ಯರು, ಚರ್ಚೆಯನ್ನು ಮುಗಿಯಗೊಡದೆ ಅದನ್ನು ಕೊಂದರು.

ಹಂದಿ, ಗೊರಿಲ್ಲಾ ಮತ್ತು 'ಇವರಲ್ಲಿ ಯಾರೂ ಅಲ್ಲ'

1968ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಆರಂಭವಾಗುವ ಕೆಲವೇ ದಿನಗಳ ಮುಂಚೆ ವಿಯೆಟ್ನಾಂ ಯುದ್ಧವಿರೋಧಿ 'ಯಿಪ್ಪಿ'ಗಳು ಪಿಗೇಸಸ್ ಎಂಬ ಹಂದಿಯನ್ನು ಅಧ್ಯಕ್ಷ ಪದವಿಗೆ ಸೂಚಿಸಿದರು. ಪೊಲೀಸರು ಹಂದಿಯನ್ನೂ ಸೂಚಕರನ್ನೂ ಹಿಡಿದೊಯ್ದರು. ಒಂದೂ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಒಳಗೆ ಅಭ್ಯರ್ಥಿಯಾದರು. ಅರಸನ ಜಾಗದಲ್ಲಿ ಪ್ರಾಣಿಯನ್ನೋ ವಿದೂಷಕನನ್ನೋ ಕೂರಿಸುವ ಅಣಕದ ಆಚರಣೆ ಲೋಕದ ಹಲವು ಸಂಸ್ಕೃತಿಗಳಲ್ಲಿದೆ. ಷಿಕಾಗೊದಲ್ಲಿ ಅದಕ್ಕೆ ಬಿದ್ದ ಲಾಠಿ ಮಾತ್ರ ಅಣಕದ್ದಾಗಿರಲಿಲ್ಲ. ಆ ಸೋಲಿನ ಬಳಿಕ ಪಕ್ಷ ತನ್ನ ನಿಯಮಗಳನ್ನು ತಿದ್ದಿತು. ಅಭ್ಯರ್ಥಿಯ ಆಯ್ಕೆ ಪ್ರಾಥಮಿಕ ಚುನಾವಣೆಗಳ ಕೈಗೆ ಬಂದಿತು.

ಅತೃಪ್ತಿಯನ್ನು ಕಾನೂನಿನೊಳಕ್ಕೆ ತಂದ ರಾಜ್ಯ ನೆವಾಡಾ. ವಾಟರ್‌ಗೇಟ್ ಹಗರಣದ ಮರುವರ್ಷ, 1975ರಲ್ಲಿ, 'ಇವರಲ್ಲಿ ಯಾವ ಅಭ್ಯರ್ಥಿಯೂ ಅಲ್ಲ' ಎಂಬ ಸಾಲನ್ನು ಮತಚೀಟಿಗೆ ಸೇರಿಸಲಾಯಿತು. ಆದರೆ ಗೆಲುವನ್ನು ನಿರ್ಧರಿಸುವಾಗ ಹೆಸರುಳ್ಳ ಅಭ್ಯರ್ಥಿಗಳ ಮತಗಳನ್ನಷ್ಟೇ ಪರಿಗಣಿಸಬೇಕೆಂದೂ ಕಾನೂನು ಹೇಳಿತು. 1976ರಲ್ಲಿಯೇ ರಿಪಬ್ಲಿಕನ್ ಪಕ್ಷದ ಒಂದು ಪ್ರಾಥಮಿಕ ಚುನಾವಣೆಯಲ್ಲಿ 'ಯಾರೂ ಅಲ್ಲ' ಮೊದಲ ಸ್ಥಾನ ಪಡೆಯಿತು, ಎರಡನೆಯವನು ಅಭ್ಯರ್ಥಿಯಾದನು. 2024ರ ಫೆಬ್ರವರಿಯಲ್ಲಿ ಡೊನಾಲ್ಡ್ ಟ್ರಂಪ್ ಹೆಸರಿಲ್ಲದ ಪ್ರಾಥಮಿಕ ಚೀಟಿಯಲ್ಲಿ 'ಯಾರೂ ಅಲ್ಲ' ಶೇ. 63, ನಿಕ್ಕಿ ಹೇಲಿ ಶೇ. 30 ಮತ ಪಡೆದರು. ಇಲ್ಲಿ 'ಯಾರೂ ಅಲ್ಲ' ಎಂದವರಲ್ಲಿ ಬಹಳ ಮಂದಿಗೆ ಬೇಕಾದವನು ಒಬ್ಬನಿದ್ದನು, ಚೀಟಿಯಲ್ಲಿರಲಿಲ್ಲ ಅಷ್ಟೆ. ಒಂದೇ ಸಾಲು ಒಮ್ಮೆ ವೈರಾಗ್ಯಕ್ಕೂ ಒಮ್ಮೆ ಕಟ್ಟಾ ನಿಷ್ಠೆಗೂ ಬಾಯಾಗುವುದನ್ನು ಅಂಕಿಗಳು ತಾವಾಗಿ ತಿಳಿಸುವುದಿಲ್ಲ. ಭಾರತದಲ್ಲಿ 2013ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ 'ನೋಟಾ' ಕೂಡ ವಿಧಾನಸಭೆ, ಲೋಕಸಭೆಗಳ ಮಟ್ಟದಲ್ಲಿ ಫಲಿತಾಂಶವನ್ನು ಮುಟ್ಟದ ಇದೇ ಜಾಯಮಾನದ್ದು. ಆ ವರ್ಷದ ಮೇ ತಿಂಗಳಲ್ಲಿ ಚುನಾವಣೆ ಮುಗಿಸಿದ್ದ ಕರ್ನಾಟಕದ ಮತದಾರರಿಗೆ ಅದು ಸಾರ್ವತ್ರಿಕವಾಗಿ ದೊರೆತದ್ದು 2014ರ ಲೋಕಸಭಾ ಚುನಾವಣೆಯಲ್ಲಿ.

ಮೂರನೆಯವನಿಗೆ ಮತ ನೀಡುವುದು ಇನ್ನೊಂದು ದಾರಿ. 1992ರಲ್ಲಿ ರಾಸ್ ಪೆರೊ ಶೇ. 18.9ರಷ್ಟು, ಅಂದರೆ ಸುಮಾರು 1.97 ಕೋಟಿ ಮತ ಪಡೆದರು, ಚುನಾಯಕರು ಸೊನ್ನೆ. ಮತ ಚದುರಿದರೆ ಸೊನ್ನೆ, ಒಂದೆಡೆ ಗುಂಪಾದರೆ ಫಲ: 1968ರಲ್ಲಿ ಶೇ. 13.5 ಮತದಿಂದಲೇ, ದಕ್ಷಿಣದಲ್ಲಿ ನೆಲೆಯಿದ್ದ ವರ್ಣಭೇದವಾದಿ ಜಾರ್ಜ್ ವ್ಯಾಲೇಸ್ 46 ಚುನಾಯಕರನ್ನು ಗಳಿಸಿದ್ದರು. 2000ದಲ್ಲಿ ಫ್ಲಾರಿಡಾವನ್ನು, ಅದರಿಂದ ದೇಶವನ್ನು ನಿರ್ಧರಿಸಿದ ಅಂತರ 537. ಅಲ್ಲಿ ರಾಲ್ಫ್ ನೇಡರ್ ಅವರಿಗೆ ಬಿದ್ದ ಮತ 97,488. ಇಬ್ಬರೂ ಬೇಡವೆಂದವರೇ ಇಬ್ಬರಲ್ಲಿ ಒಬ್ಬನನ್ನು ಗೆಲ್ಲಿಸಿದರು ಎಂಬ ಆರೋಪ ಅವರ ಬೆನ್ನುಹತ್ತಿತು. ಅತ್ತ ದರಿ ಇತ್ತ ಪುಲಿ ಎಂದು ಮೂರನೆಯ ದಾರಿ ಹಿಡಿದವನಿಗೆ ದರಿಯ ಹೊಣೆಯನ್ನೂ ಹೊರಿಸಿದಂತೆ. ಪಾಮ್ ಬೀಚ್ ಕೌಂಟಿಯಲ್ಲಿ ಎರಡು ಪುಟಗಳ 'ಚಿಟ್ಟೆ ಚೀಟಿ'ಯ ಗೊಂದಲದಿಂದ ಪ್ಯಾಟ್ ಬ್ಯುಕಾನನ್ ಅವರಿಗೆ 3,407 ಮತ ಬಿದ್ದವು. ಒಂದಕ್ಕಿಂತ ಹೆಚ್ಚು ತೂತು ಬಿದ್ದ ಸುಮಾರು 19,000 ಚೀಟಿಗಳು ತಿರಸ್ಕೃತವಾದವು. ತೂತಿನಿಂದ ಪೂರ್ತಿ ಬೀಳದ ಕಾಗದದ ಚೂರಿಗೆ 'ಚಾಡ್' ಎಂದು ಹೆಸರು. ನೇತಾಡುವ ಚಾಡ್, ಕುಳಿಬಿದ್ದ ಚಾಡ್, ಬಸುರಿ ಚಾಡ್ ಎಂದು ಅದರ ಪ್ರಭೇದಗಳು ಮನೆಮಾತಾದವು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5–4ರ ತೀರ್ಪಿನಿಂದ ಮರುಎಣಿಕೆಯನ್ನು ನಿಲ್ಲಿಸಿತು. ಐದು ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದ ಆಲ್ ಗೋರ್ ಸೋತರು.

2016ರಲ್ಲಿ ಅಭ್ಯರ್ಥಿಗಳ ಬಗೆಗಿನ ಅಸಮಾಧಾನ ಅಳತೆಗೂ ಸಿಕ್ಕಿತು. ಗ್ಯಾಲಪ್ ಸಂಸ್ಥೆಯ ಕೊನೆಯ ಸಮೀಕ್ಷೆಯಲ್ಲಿ ಟ್ರಂಪ್ ಬಗ್ಗೆ ಶೇ. 61, ಹಿಲರಿ ಕ್ಲಿಂಟನ್ ಬಗ್ಗೆ ಶೇ. 52 ಜನ ಪ್ರತಿಕೂಲ ಅಭಿಪ್ರಾಯ ತಿಳಿಸಿದ್ದರು. ಮಿಷಿಗನ್‌ನಲ್ಲಿ ಸುಮಾರು 75,000 ಮತದಾರರು ಮತಗಟ್ಟೆಗೆ ಬಂದು ಉಳಿದ ಹುದ್ದೆಗಳಿಗೆ ಗುರುತು ಹಾಕಿ ಅಧ್ಯಕ್ಷ ಪದವಿಯ ಜಾಗವನ್ನು ಖಾಲಿ ಬಿಟ್ಟರು. ಆ ರಾಜ್ಯದ ಗೆಲುವಿನ ಅಂತರ 10,704. ಚುನಾವಣೆಯ ಮರುದಿನಗಳಲ್ಲಿ, ಆ ವರ್ಷ ಸಿನ್ಸಿನಾಟಿ ಮೃಗಾಲಯದಲ್ಲಿ ಗುಂಡಿಗೆ ಬಲಿಯಾದ ಹರಾಂಬೆ ಎಂಬ ಗೊರಿಲ್ಲಾಗೆ ಸಾವಿರಾರು ಮತ ಬಿದ್ದಿವೆಯೆಂಬ ಸುದ್ದಿ ಹಬ್ಬಿತು. ಸುದ್ದಿ ಸುಳ್ಳು. ನೋಂದಾಯಿಸದ ಹೆಸರುಗಳನ್ನು ಬಹುತೇಕ ರಾಜ್ಯಗಳು ಎಣಿಸದ ಕಾರಣ ಅಂಥ ಅಂಕಿ ಸಿಗುವುದು ಸಾಧ್ಯವೇ ಇರಲಿಲ್ಲ. ಎಣಿಕೆ ಎಲ್ಲಿ ಮೌನವಾಗುತ್ತದೋ ಅಲ್ಲಿ ವದಂತಿ ಎಣಿಸತೊಡಗುತ್ತದೆ. ಜನ ಅದನ್ನು ನಂಬಿದ್ದು ನಂಬಬೇಕೆನಿಸಿದ್ದರಿಂದ.

ಕ್ಲಿಂಟನ್ ಸುಮಾರು 28.7 ಲಕ್ಷ ಮತಗಳಿಂದ ಮುಂದಿದ್ದೂ ಸೋತರು. ಅನಂತರ ಅತೃಪ್ತಿ ಚುನಾಯಕರಲ್ಲಿಯೇ ಕಾಣಿಸಿಕೊಂಡಿತು. ಏಳು ಮಂದಿ ತಮ್ಮ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬೇರೆಯವರಿಗೆ ಮತ ನೀಡಿದರು. ವಾಷಿಂಗ್ಟನ್ ರಾಜ್ಯದಲ್ಲಿ ಮೂವರು ಕಾಲಿನ್ ಪವೆಲ್ ಹೆಸರನ್ನು ಬರೆದರು. ಪುಯಲಪ್ ಬುಡಕಟ್ಟಿಗೆ ಸೇರಿದ ನಾಲ್ಕನೆಯವರು ಯಾಂಕ್ಟನ್ ಸೂ ಬುಡಕಟ್ಟಿನ ಹಿರಿಯಳೂ ಡಕೋಟ ತೈಲ ಕೊಳವೆ ಮಾರ್ಗದ ವಿರುದ್ಧ ಹೋರಾಡಿದವಳೂ ಆದ ಫೇತ್ ಸ್ಪಾಟೆಡ್ ಈಗಲ್ ಹೆಸರನ್ನು ಬರೆದರು. ಮೂಲನಿವಾಸಿ ವ್ಯಕ್ತಿಯೊಬ್ಬರಿಗೆ ಅಧ್ಯಕ್ಷ ಪದವಿಗಾಗಿ ಚುನಾಯಕ ಮತ ಬಿದ್ದದ್ದು ಅದೇ ಮೊದಲು. ಮೂಲನಿವಾಸಿಗಳ ನಾಯಕಪದವನ್ನು ಬಂಡುಕೋರರಿಗೆ ಅಡ್ಡಹೆಸರಾಗಿ ಎರವಲು ಪಡೆದು 132 ವರ್ಷಗಳಾಗಿದ್ದವು. ಇಡೀ ಮೂಲನಿವಾಸಿ ಜನಾಂಗಕ್ಕೆ ಪೌರತ್ವ ದೊರೆತು 92. ಆ ನಾಲ್ವರಿಗೂ ರಾಜ್ಯ ತಲಾ ಸಾವಿರ ಡಾಲರ್ ದಂಡ ವಿಧಿಸಿತು. ಮೂವರು ಪ್ರಶ್ನಿಸಿದರು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ರಾಜ್ಯದ ಪರವಾಗಿ ತೀರ್ಪಿತ್ತಿತು. ಜನರಿಗಿಂತ ಚೆನ್ನಾಗಿ ಬಣ್ಣ ಬಲ್ಲವರೆಂದು 1787ರಲ್ಲಿ ಕಲ್ಪಿಸಲಾಗಿದ್ದ ಚುನಾಯಕರಿಗೆ ಸ್ವಂತ ಆಯ್ಕೆಯ ಹಕ್ಕಿಲ್ಲವೆಂದಾಯಿತು.

ಸಂವಿಧಾನವನ್ನು ತಿದ್ದದೆ, ದೇಶದ ಒಟ್ಟು ಮತದಲ್ಲಿ ಮುಂದಿರುವವನಿಗೇ ತಮ್ಮ ಚುನಾಯಕರನ್ನು ನೀಡುವ ರಾಜ್ಯಗಳ ಒಡಂಬಡಿಕೆಯೊಂದು 2007ರಲ್ಲಿ ಮೇರಿಲ್ಯಾಂಡ್‌ನಿಂದ ಆರಂಭವಾಗಿ 2024ರ ವೇಳೆಗೆ 209 ಚುನಾಯಕರಷ್ಟು ಬೆಂಬಲ ಗಳಿಸಿತ್ತು. 270 ತಲುಪದೆ ಅದು ಜಾರಿಯಾಗದು. ಮೇನ್ ರಾಜ್ಯ 2020ರಲ್ಲಿ ಅಧ್ಯಕ್ಷ ಚುನಾವಣೆಗೂ ಆದ್ಯತಾ ಮತವನ್ನು ತಂದು, ಮೂರನೆಯವನನ್ನು ಮೆಚ್ಚಿದ ಮತದಾರನು ತನ್ನ ಎರಡನೆಯ ಆಯ್ಕೆಯನ್ನೂ ತಿಳಿಸುವಂತೆ ಮಾಡಿತು. ವಾಷಿಂಗ್ಟನ್ ರಾಜ್ಯವು 2019ರಲ್ಲಿ ತನ್ನ ಕಾನೂನನ್ನು ತಿದ್ದಿತು. ಸಾವಿರ ಡಾಲರ್ ದಂಡ ಹೋಯಿತು. ಬೇರೆ ಹೆಸರು ಬರೆದ ಚುನಾಯಕನ ಚೀಟಿಯನ್ನು ಎಣಿಸುವುದಿಲ್ಲ. ಅವನು ಹುದ್ದೆ ಬಿಟ್ಟನೆಂದು ಭಾವಿಸಿ, ಅದೇ ಗಳಿಗೆ, ಅದೇ ಕೋಣೆಯಲ್ಲಿ ಇನ್ನೊಬ್ಬನನ್ನು ಕೂರಿಸಲಾಗುತ್ತದೆ.